ಬೈಟ್ ಎಣಿಸಿ ಅಂಕ ಕೊಡಬೇಡಿ: ಕರಾವಳಿಯ ಕಾಲೇಜುಗಳಿಗೆ ಬಹಿರಂಗ ಪತ್ರ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕಾಲೇಜುಗಳ ಪ್ರಾಂಶುಪಾಲರಿಗೆ ಹಾಗೂ ವಿದ್ಯಾರ್ಥಿಗಳಿಂದ ವಿಕಿಪೀಡಿಯಕ್ಕೆ ಬರೆಸುತ್ತಿರುವ ಅಧ್ಯಾಪಕರಿಗೆ,

ಮಾನ್ಯರೇ,

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಕೊಂಕಣಿ ವಿಕಿಪೀಡಿಯ 2015ರಲ್ಲಿ, ತುಳು ವಿಕಿಪೀಡಿಯ 2016ರಲ್ಲಿ ಪೂರ್ಣ ರೂಪಕ್ಕೆ ಬಂದವು. ನಮ್ಮ ತರಗತಿಗಳಲ್ಲಿ ಕೂತಿರುವ ಮಕ್ಕಳು ಮನೆಯಲ್ಲಿ, ಬಸ್ಸಿನಲ್ಲಿ, ಮಾರ್ಕೆಟಿನಲ್ಲಿ ಆಡುವ ಮೂರು ಭಾಷೆಗಳೂ ಅಲ್ಲಿವೆ. ಆದ್ದರಿಂದ ಇಲ್ಲಿಯ ಕಾಲೇಜೊಂದು ವಿಕಿಪೀಡಿಯ ಕಾರ್ಯಾಗಾರ ಇಟ್ಟುಕೊಂಡಿದೆ ಎಂದು ತಿಳಿದಾಗ ವಿಕಿಪೀಡಿಯ ಸಂಪಾದಕರಾದ ನಮಗೆ ನಿಜಕ್ಕೂ ಖುಷಿಯಾಗುತ್ತದೆ. ಆ ಖುಷಿ ಉಳಿಯಬೇಕೆಂದೇ ಈ ಪತ್ರ.

ನಮ್ಮ ಕೋರಿಕೆ ಮೊದಲೇ ಹೇಳಿಬಿಡುತ್ತೇವೆ. ಒಂದೇ ದಿನದ ಕಾರ್ಯಾಗಾರದಲ್ಲಿ ತಲೆಗೊಂದು ಹೊಸ ಲೇಖನ ಬರೆಸುವುದನ್ನೂ, ಸೇರಿಸಿದ ಬೈಟ್‌ಗಳ (ಕಂಪ್ಯೂಟರ್ ಪಠ್ಯದ ಗಾತ್ರ ಅಳೆಯುವ ಘಟಕ) ಲೆಕ್ಕ ಹಿಡಿದು ಆಂತರಿಕ ಅಂಕ ಕೊಡುವುದನ್ನೂ ದಯವಿಟ್ಟು ಬಿಡಿ. ಅದರ ಬದಲು ಆರು ವಾರ ಇಟ್ಟುಕೊಳ್ಳಿ, ಈಗಾಗಲೇ ಇರುವ ಲೇಖನಗಳನ್ನು ತಿದ್ದಿಸಿ, ಉಲ್ಲೇಖ ನೋಡಿ ಅಂಕ ಕೊಡಿ. ಯಾಕೆ, ಹೇಗೆ ಎಂಬುದನ್ನು ಮುಂದೆ ವಿವರವಾಗಿ ಬರೆದಿದ್ದೇವೆ.

ಬೈಟ್ ಲೆಕ್ಕ ಎಷ್ಟು ಮೋಸದ್ದು ಎನ್ನುವುದಕ್ಕೆ ನಮ್ಮೂರಿನ ಹೆಸರೇ ಸಾಕು. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಉಳಿಸುವ ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿಯೊಂದು ಅಕ್ಷರ ಚಿಹ್ನೆಗೂ ಮೂರು ಬೈಟ್ ಹಿಡಿಯುತ್ತದೆ. 'ಮಂಗಳೂರು' ಎಂದು ಬರೆದರೆ ಮ, ಸೊನ್ನೆ, ಗ, ಳ, ದೀರ್ಘದ ಕೊಂಬು, ರ, ಕೊಂಬು, ಹೀಗೆ ಏಳು ಚಿಹ್ನೆ, ಅಂದರೆ 21 ಬೈಟ್. ಎರಡು ಸಾವಿರ ಬೈಟ್ ಬರೆಯಬೇಕು ಎಂದರೆ ವಿದ್ಯಾರ್ಥಿಗೆ ಅದು ದೊಡ್ಡ ಲೇಖನದಂತೆ ಕೇಳಿಸುತ್ತದೆ, ವಾಸ್ತವದಲ್ಲಿ ಅದು ಏಳುನೂರು ಚಿಹ್ನೆಗೂ ಕಡಿಮೆ. ಇದು ಬರೀ ಅಂಕಿಯ ಮಾತಾಯಿತು. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಮ್ಮ ಲೇಖನಗಳಲ್ಲಿ ಅನುಸ್ವಾರ ಇರಬೇಕಾದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆಯನ್ನು ಒತ್ತಿರುವುದು ಬಹಳ ಕಡೆ ಸಿಗುತ್ತದೆ. 'ಮ೦ಗಳೂರು' ಎಂದು ಅಂಕಿಯ ಸೊನ್ನೆ ಹಾಕಿ ಬರೆದರೆ ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಆದರೆ ಕಂಪ್ಯೂಟರಿಗೆ ಅದು ಬೇರೆಯೇ ಪದ. ಯಾರಾದರೂ ಮಂಗಳೂರು ಎಂದು ಹುಡುಕಿದರೆ ಆ ಸಾಲು ಸಿಗುವುದಿಲ್ಲ, ಕೊಂಡಿ ಕೂಡುವುದಿಲ್ಲ, ಶೀರ್ಷಿಕೆಯಲ್ಲಿ ಹಾಗಾಗಿದ್ದರೆ ಒಂದೇ ಊರಿಗೆ ಎರಡು ಲೇಖನ ಹುಟ್ಟುತ್ತವೆ. ಒಬ್ಬ ವಿದ್ಯಾರ್ಥಿನಿ ಸಹನೆಯಿಂದ ಕೂತು ಒಂದು ಲೇಖನದಲ್ಲಿ ಅಂಥ ನಲವತ್ತು ಸೊನ್ನೆ ತಿದ್ದಿದಳು ಎಂದುಕೊಳ್ಳಿ. ಅಂಕಿಯ ಸೊನ್ನೆಗೂ ಮೂರೇ ಬೈಟ್, ಅನುಸ್ವಾರಕ್ಕೂ ಮೂರೇ ಬೈಟ್. ಲೇಖನದ ಇತಿಹಾಸ ಪುಟದಲ್ಲಿ ಅವಳ ಕೆಲಸದ ಎದುರು ಕಾಣುವ ಅಂಕಿ 0. ಅವಳ ಪಕ್ಕದವನು ಎಲ್ಲಿಂದಲೋ ಎತ್ತಿ ತಂದು ಅಂಟಿಸಿದ ನಾಲ್ಕು ಪ್ಯಾರಾದ ಎದುರು ಹಸಿರು ಬಣ್ಣದಲ್ಲಿ ಆರು ಸಾವಿರ. ಹಾಗೆ ಅಂಟಿಸಿದ್ದನ್ನು ತೆಗೆದುಹಾಕಿ ಲೇಖನವನ್ನು ಉಳಿಸಿದವರ ಎದುರು ಕೆಂಪು ಬಣ್ಣದಲ್ಲಿ ಋಣ ಸಂಖ್ಯೆ. ಬೈಟ್ ನೋಡಿ ಅಂಕ ಕೊಟ್ಟರೆ ಕದ್ದವನಿಗೆ ಪೂರ್ಣಾಂಕ, ತಿದ್ದಿದವಳಿಗೆ ಸೊನ್ನೆ.

ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗನಿಗೆ ಮೊದಲ ರಾತ್ರಿಯೇ ಎರಡನೇ ವೇಷ (ಪ್ರಧಾನ ಪಾತ್ರ) ಕಟ್ಟಿಸುವುದಿಲ್ಲ. ಕೋಡಂಗಿ ಕುಣಿದು, ಬಾಲಗೋಪಾಲ ಕುಣಿದು, ಪೂರ್ವರಂಗದಲ್ಲಿ ಕಾಲು ಪಳಗಿದ ಮೇಲೆಯೇ ಮುಂದಿನ ಮಾತು. ವಿಕಿಪೀಡಿಯದಲ್ಲಿ ಹೊಸ ಲೇಖನ ಎನ್ನುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ವಿಷಯಕ್ಕೆ ಅರ್ಹತೆ ಇದೆಯೇ ಎಂದು ತೀರ್ಮಾನಿಸಬೇಕು, ಮೂಲ ಹುಡುಕಬೇಕು, ತಟಸ್ಥವಾಗಿ ಬರೆಯಬೇಕು, ಕೊಂಡಿ, ವರ್ಗ, ಟೆಂಪ್ಲೇಟು (ಸಿದ್ಧ ಚೌಕಟ್ಟು) ಎಲ್ಲ ಗೊತ್ತಿರಬೇಕು. ಅದನ್ನೇ ಮೊದಲ ದಿನ ಮಾಡಿಸಿದರೆ ಲೇಖನ ಅಳಿಸಿಹೋಗುತ್ತದೆ, ವಿದ್ಯಾರ್ಥಿಯೂ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ಈಗ ತಯಾರಿಯ ವಿಷಯ. ಕಾರ್ಯಾಗಾರಗಳು ಕೆಡುವುದು ಹೆಚ್ಚಾಗಿ ಮೊದಲ ಹದಿನೈದು ನಿಮಿಷದಲ್ಲಿ. ಒಂದು ಐಪಿ ವಿಳಾಸದಿಂದ (ಅಂತರಜಾಲ ಸಂಪರ್ಕದ ಗುರುತು ಸಂಖ್ಯೆ) ದಿನಕ್ಕೆ ಆರು ಖಾತೆ ಮಾತ್ರ ತೆರೆಯಬಹುದು, ಸ್ಪ್ಯಾಮ್ ತಡೆಯಲು ಇರುವ ನಿಯಮ ಇದು. ಕಾಲೇಜಿನ ಲ್ಯಾಬಿನಲ್ಲಿ ಅರವತ್ತು ಕಂಪ್ಯೂಟರ್ ಇದ್ದರೂ ಹೊರಗಿನ ಜಗತ್ತಿಗೆ ಅವು ಕಾಣುವುದು ಸಾಮಾನ್ಯವಾಗಿ ಒಂದೇ ವಿಳಾಸದಲ್ಲಿ. ಏಳನೆಯವನಿಗೆ ಖಾತೆ ಆಗುವುದಿಲ್ಲ, ಉಳಿದ ಐವತ್ತನಾಲ್ಕು ಮಂದಿ ಸುಮ್ಮನೆ ಕೂರಬೇಕಾಗುತ್ತದೆ. ಇದಕ್ಕೆ ಎರಡು ದಾರಿ ಇದೆ. ಒಂದು, ಎಲ್ಲರೂ ಹಿಂದಿನ ವಾರವೇ ಮನೆಯಿಂದ ಖಾತೆ ತೆರೆದುಕೊಂಡು ಬರುವುದು. ಇನ್ನೊಂದು, ಕಾರ್ಯಾಗಾರದ ದಿನಾಂಕ, ಸಮಯ, ಲ್ಯಾಬಿನ ಐಪಿ ವಿಳಾಸ, ವಿದ್ಯಾರ್ಥಿಗಳ ಸಂಖ್ಯೆ ತಿಳಿಸಿ ಮುಂಚಿತವಾಗಿ ವಿನಾಯಿತಿ ಕೇಳುವುದು. ಎರಡು ವಾರ ಮೊದಲು ಕೇಳಿದರೆ ನೆಮ್ಮದಿ, ಹಿಂದಿನ ರಾತ್ರಿ ಕೇಳಿದರೆ ಪ್ರಯೋಜನವಿಲ್ಲ. ಮೊಬೈಲಿನಲ್ಲಿ ವಿಪಿಎನ್ (ನಿಜವಾದ ಐಪಿ ವಿಳಾಸ ಮರೆಸುವ ತಂತ್ರಾಂಶ) ಹಾಕಿಕೊಂಡವರು ಅದನ್ನು ತೆಗೆಯಬೇಕು, ಅಂಥ ವಿಳಾಸಗಳಿಂದ ಸಂಪಾದನೆ ಸಾಮಾನ್ಯವಾಗಿ ತಡೆಯಲ್ಪಟ್ಟಿರುತ್ತದೆ. ಕೆಲವೊಮ್ಮೆ ಮೊಬೈಲ್ ಡೇಟಾದಿಂದ ಹೋದರೂ ತಡೆ ಎದುರಾಗುವುದುಂಟು. ಒಂದೇ ವಿಳಾಸವನ್ನು ಸಾವಿರಾರು ಜನ ಹಂಚಿಕೊಂಡಿರುವುದರಿಂದ ಬೇರೆ ಯಾರೋ ಮಾಡಿದ ಕಿತಾಪತಿಗೆ ಹಾಕಿದ ತಡೆ ಅದು. ಮೊದಲೇ ಖಾತೆ ಇದ್ದು ಲಾಗಿನ್ ಆದವರಿಗೆ ಈ ತೊಂದರೆ ಬಹಳ ಮಟ್ಟಿಗೆ ಇರುವುದಿಲ್ಲ.

ಖಾತೆಯ ಹೆಸರಿನಲ್ಲಿ ಕಾಲೇಜಿನ ಹೆಸರು ಬೇಡ. ಮೂರು ಮಂದಿಗೆ ಒಂದೇ ಖಾತೆ ಖಂಡಿತ ಬೇಡ, ಒಬ್ಬರಿಗೆ ಒಂದು ಖಾತೆ ಎನ್ನುವುದು ನಿಯಮ. ನೋಂದಣಿ ಸಂಖ್ಯೆಯನ್ನು ಹೆಸರಾಗಿ ಇಟ್ಟುಕೊಳ್ಳುವ ರೂಢಿ ಅಂಕಪಟ್ಟಿ ಬರೆಯುವವರಿಗೆ ಸುಲಭ, ಆದರೆ ಸಂಪಾದಕರು ಪರಸ್ಪರ ಮಾತಾಡುವ ಚರ್ಚೆಪುಟದಲ್ಲಿ ಹನ್ನೆರಡು ಅಂಕೆಯ ಮನುಷ್ಯನನ್ನು ಹೇಗೆ ಮಾತಾಡಿಸುವುದು? ಅದೂ ಅಲ್ಲದೆ ಆ ಹೆಸರು ಪ್ರತಿ ಸಂಪಾದನೆಯ ಪಕ್ಕದಲ್ಲಿ ಸಾರ್ವಜನಿಕವಾಗಿ ಉಳಿಯುತ್ತದೆ. ಯಾರ ಖಾತೆ ಯಾವುದು ಎಂಬ ಪಟ್ಟಿ ನಿಮ್ಮ ಬಳಿ ಇದ್ದರೆ ಸಾಕು. ಇಮೇಲ್ ಕೊಡುವುದು ಕಡ್ಡಾಯವಲ್ಲ, ಆದರೂ ಕೊಡಿಸಿ. ಕೊಡದಿದ್ದರೆ ಪಾಸ್‌ವರ್ಡ್ ಮರೆತ ದಿನ ಆ ಖಾತೆ ಕೈಬಿಟ್ಟಂತೆಯೇ.

ಟೈಪಿಂಗ್ ಬಗ್ಗೆ ಎರಡು ಮಾತು. ವಿಕಿಪೀಡಿಯದ ಒಳಗೇ ಕನ್ನಡ ಕೀಲಿಮಣೆ ಇದೆ, ಸಂಪಾದನೆಯ ಪೆಟ್ಟಿಗೆಯಲ್ಲಿ ಕಂಟ್ರೋಲ್ ಹಿಡಿದು ಎಂ ಒತ್ತಿದರೆ ಕನ್ನಡ–ಇಂಗ್ಲಿಷ್ ಅದಲುಬದಲಾಗುತ್ತದೆ. ಮಂಗಳೂರಿನ ಮಗ್ಗುಲ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ಟೈಪ್ ಮಾಡಲು ಬಲ್ಲ ವಿದ್ಯಾರ್ಥಿಗಳು ತರಗತಿಯಲ್ಲಿ ನಾಲ್ಕು ಜನ ಇದ್ದರೂ ಅವರನ್ನು ನಾಲ್ಕು ಸಾಲಿಗೆ ಹಂಚಿ ಕೂರಿಸಿ. ಶಿಫ್ಟ್ ಹಿಡಿದು ಎಂ ಒತ್ತಿದರೆ ಅನುಸ್ವಾರ ಬರುತ್ತದೆ ಎಂಬುದನ್ನು ಮೊದಲ ಪಾಠವಾಗಿ ಹೇಳಿಕೊಡಿ, ಸೊನ್ನೆಯ ಗೋಳು ಅಲ್ಲೇ ಮುಗಿಯುತ್ತದೆ. ಹಳೆಯ ಡಿಟಿಪಿ ಕಡತಗಳಿಂದ ಪಠ್ಯ ನಕಲಿಸಿದರೆ ವಿಕಿಪೀಡಿಯದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಅದು ನುಡಿ, ಬರಹ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್ ಸಂಕೇತ, ಯೂನಿಕೋಡಿಗೆ ಪರಿವರ್ತಿಸಿಯೇ ಹಾಕಬೇಕು. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಬೇಕು.

ಮೊದಲ ವಾರ ಲೇಖನಗಳ ತಂಟೆಗೇ ಹೋಗಬೇಡಿ. ಪ್ರತಿ ಖಾತೆಗೂ 'ನನ್ನ ಪ್ರಯೋಗಪುಟ' ಎಂಬ ಸ್ವಂತ ಜಾಗ ಇದೆ, ಅಲ್ಲಿ ಏನು ಕೆಟ್ಟರೂ ಯಾರಿಗೂ ತೊಂದರೆಯಿಲ್ಲ. ದಪ್ಪ ಅಕ್ಷರ, ತಲೆಬರಹ, ಕೊಂಡಿ, ಉಲ್ಲೇಖ ಇಷ್ಟನ್ನು ಅಲ್ಲಿ ಅಭ್ಯಾಸ ಮಾಡಿಸಿ. ಕೊಂಡಿ ಹಾಕುವಾಗ ಕನ್ನಡಕ್ಕೇ ವಿಶೇಷವಾದ ತೊಡಕೊಂದಿದೆ. ಇಂಗ್ಲಿಷಿನ ಸಹಾಯ ಪುಟ ನೋಡಿ ಕಲಿಸುವವರು ಅದನ್ನು ಬಿಟ್ಟುಬಿಡುತ್ತಾರೆ. ವಿಭಕ್ತಿ ಹತ್ತಿದಾಗ ಪದದ ಮೂಲರೂಪ ಹಾಗೇ ಉಳಿದರೆ [[ಉಡುಪಿ]]ಯಲ್ಲಿ ಎಂದು ಬರೆದರೆ ಸಾಕು. ಮೂಲರೂಪವೇ ಬದಲಾದರೆ ಹಾಗಾಗದು, [[ಮಂಗಳೂರು|ಮಂಗಳೂರಿನಲ್ಲಿ]] ಎಂದು ನಡುವೆ ಲಂಬ ಗೆರೆ ಹಾಕಬೇಕು. ಗೆರೆಯ ಎಡಕ್ಕೆ ಲೇಖನದ ಹೆಸರು, ಬಲಕ್ಕೆ ಓದುಗರಿಗೆ ಕಾಣುವ ರೂಪ. ಇದು ಗೊತ್ತಿಲ್ಲದೆ 'ಮಂಗಳೂರಿನಲ್ಲಿ' ಎಂಬುದಕ್ಕೇ ಕೊಂಡಿ ಹಾಕಿದರೆ ಅದು ಕೆಂಪಾಗಿ ಕಾಣುತ್ತದೆ, ಅಂಥ ಲೇಖನ ಇಲ್ಲ ಎಂದು ಅರ್ಥ. ಇನ್ನು ಕೆಲವು ವಿದ್ಯಾರ್ಥಿಗಳು ಆ ಕೆಂಪು ಕೊಂಡಿ ಒತ್ತಿ ಹೊಸ ಲೇಖನವನ್ನೇ ಶುರು ಮಾಡಿಬಿಡುತ್ತಾರೆ.

ಎರಡನೇ ವಾರದಿಂದ ಇರುವ ಲೇಖನಗಳಿಗೆ ಕೈ ಹಾಕಬಹುದು. ತಮ್ಮ ಊರು, ಪಕ್ಕದ ಊರು, ಬಲ್ಲ ಕಲೆ, ತಿಂದ ತಿಂಡಿ, ಯಾವುದಾದರೂ ಸರಿ. ಕರಾವಳಿಯ ಊರುಗಳ ಲೇಖನಗಳಲ್ಲಿ ಸರಿಪಡಿಸಬೇಕಾದ್ದು ಧಾರಾಳವಾಗಿದೆ, ಅದರಲ್ಲಿ ದೊಡ್ಡ ಪಾಲು ಇಂಗ್ಲಿಷಿನಿಂದ ಯಂತ್ರ ಅನುವಾದವಾಗಿ ಬಂದದ್ದು. ಉಳ್ಳಾಲ ಇಂಗ್ಲಿಷಿಗೆ ಹೋಗಿ ಬಂದು ಉಲ್ಲಾಲ್ ಆಗುತ್ತದೆ, ಕಾರ್ಕಳ ಕರ್ಕಲವಾಗುತ್ತದೆ, ಕಲ್ಯಾಣಪುರ ಕಲ್ಲಿಯನ್‌ಪುರ. ಕಾಪು ಎಂಬ ಎರಡಕ್ಷರದ ಊರಿನ ಹೆಸರನ್ನು ಕೌಪ್ ಎಂದು ಬರೆದರೆ ಆ ಊರಿನವರಿಗೇ ಗುರುತು ಹತ್ತದು. ಇಂಥದನ್ನು ತಿದ್ದಲು ಬೆಂಗಳೂರಿನಲ್ಲೋ ಕಲಬುರಗಿಯಲ್ಲೋ ಇರುವ ಸಂಪಾದಕರಿಗಿಂತ ಶಿರ್ವದ ಹುಡುಗಿಯೇ ಸರಿ. ಅವಳಿಗೆ ಇದಕ್ಕೆ ಯಾವ ಗ್ರಂಥವೂ ಬೇಡ.

ಕಾರ್ಕಳದ ಗೊಮ್ಮಟನ ಬಗ್ಗೆ ಯಂತ್ರ ಅನುವಾದ ಹೇಗೆ ಬರೆಯುತ್ತದೆ ನೋಡಿ: 'ಪಟ್ಟಣವು 42 ಅಡಿ ಎತ್ತರದ ಏಕಶಿಲೆಯ ಪ್ರತಿಮೆಗೆ ನೆಲೆಯಾಗಿದೆ, ಇದು 1432 ರಲ್ಲಿ ವೀರಪಾಂಡ್ಯನಿಂದ ಸ್ಥಾಪಿಸಲ್ಪಟ್ಟಿತು.' ಕಾಗುಣಿತದ ತಪ್ಪಿಲ್ಲ, ಮಾಹಿತಿಯೂ ತಪ್ಪಿಲ್ಲ, ಆದರೆ ಯಾರೂ ಹೀಗೆ ಮಾತಾಡುವುದಿಲ್ಲ. 'ಕಾರ್ಕಳದಲ್ಲಿ 42 ಅಡಿ ಎತ್ತರದ ಬಾಹುಬಲಿಯ ಏಕಶಿಲಾ ಮೂರ್ತಿ ಇದೆ. ಇದನ್ನು 1432ರಲ್ಲಿ ವೀರಪಾಂಡ್ಯ ಸ್ಥಾಪಿಸಿದ' ಎಂದರೆ ಮುಗಿಯಿತು. ಇಷ್ಟು ಮಾಡಿದ ಮೇಲೆ ಆ ವಾಕ್ಯಕ್ಕೆ ಉಲ್ಲೇಖ ಬೇಕು. ಗ್ರಂಥಾಲಯಕ್ಕೆ ಹೋಗಿ ಪುಸ್ತಕ ತೆಗೆದು ಲೇಖಕರ ಹೆಸರು, ಪುಸ್ತಕದ ಹೆಸರು, ಪ್ರಕಾಶಕರು, ವರ್ಷ, ಪುಟಸಂಖ್ಯೆ ಬರೆದುಕೊಂಡು ಬಂದು ವಾಕ್ಯ ಮುಗಿದ ಪೂರ್ಣವಿರಾಮದ ಪಕ್ಕದಲ್ಲೇ ಸೇರಿಸಬೇಕು. ಕೊನೆಗೆ 'ಸಾರಾಂಶ'ದ ಪೆಟ್ಟಿಗೆಯಲ್ಲಿ 'ವಾಕ್ಯ ಸರಿಪಡಿಸಿ ಉಲ್ಲೇಖ ಸೇರಿಸಿದೆ' ಎಂದು ಬರೆದು ಪ್ರಕಟಿಸಬೇಕು. ಒಂದು ವಾಕ್ಯಕ್ಕೆ ಒಂದು ಗಂಟೆ ಹಿಡಿಯಬಹುದು. ಅಂಥ ಐದು ವಾಕ್ಯ ಮಾಡಿದ ವಿದ್ಯಾರ್ಥಿ ಒಳ್ಳೆಯ ಸಂಪಾದಕ ಆಗಿಬಿಟ್ಟ ಎಂದೇ ನಾವು ತಿಳಿಯುತ್ತೇವೆ.

ಉಲ್ಲೇಖದ ಬಗ್ಗೆ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ವೆಬ್ ವಿಳಾಸ ಕೊಟ್ಟರೆ ಉಲ್ಲೇಖವನ್ನು ತಾನೇ ತುಂಬಿಕೊಡುವ ಸೌಲಭ್ಯ ಸಂಪಾದನೆಯ ಪರದೆಯಲ್ಲಿದೆ. ಆದರೆ ಕನ್ನಡ ಪತ್ರಿಕೆಗಳ ತಾಣಗಳಿಂದ ಅದು ಎಷ್ಟೋ ಸಲ ಲೇಖಕರ ಜಾಗದಲ್ಲಿ ಪತ್ರಿಕೆಯ ಹೆಸರು ಹಾಕುತ್ತದೆ, ದಿನಾಂಕವನ್ನು ಬಿಡುತ್ತದೆ. ತುಂಬಿದ್ದನ್ನು ಕೈಯಿಂದ ತಿದ್ದಲೇಬೇಕು. ಇ-ಪೇಪರಿನ ಕೊಂಡಿ ಕೆಲವು ತಿಂಗಳಿಗೆ ಸತ್ತುಹೋಗುವುದು ಮಾಮೂಲು, ಆದ್ದರಿಂದ ಪತ್ರಿಕೆ, ಆವೃತ್ತಿ, ದಿನಾಂಕ, ಪುಟ, ವರದಿಯ ಶೀರ್ಷಿಕೆ ಇಷ್ಟೂ ಇರಲಿ. ಆಗ ಕೊಂಡಿ ಸತ್ತರೂ ಉಲ್ಲೇಖ ಬದುಕುತ್ತದೆ. ವೆಬ್ ಪುಟದ ಪ್ರತಿಯನ್ನು ಇಂಟರ್ನೆಟ್ ಆರ್ಕೈವಿನ ವೇಬ್ಯಾಕ್ ಮಷೀನಿನಲ್ಲಿ ಉಳಿಸಿ ಆ ಕೊಂಡಿಯನ್ನೂ ಕೊಡುವುದು ಇನ್ನೂ ಉತ್ತಮ. ಹೊಸ ಖಾತೆಯಿಂದ ಹೊರಗಿನ ಕೊಂಡಿ ಸೇರಿಸಿದರೆ ಕ್ಯಾಪ್ಚಾ (ಬರೆಯುತ್ತಿರುವುದು ಮನುಷ್ಯರೇ ಎಂದು ಖಚಿತಪಡಿಸುವ ಪರೀಕ್ಷೆ) ಕೇಳುತ್ತದೆ. ಅದರ ಅಕ್ಷರಗಳು ಇಂಗ್ಲಿಷಿನವು. ಕನ್ನಡ ಕೀಲಿಮಣೆ ಚಾಲೂ ಇಟ್ಟುಕೊಂಡೇ ಅದನ್ನು ಟೈಪ್ ಮಾಡಿ, ಪ್ರತಿ ಸಲವೂ ತಪ್ಪು ಎಂದು ಬಂದು, ಬರೆದದ್ದನ್ನೆಲ್ಲ ಬಿಟ್ಟು ಎದ್ದುಹೋಗುವವರಿದ್ದಾರೆ. ಲ್ಯಾಬಿನಲ್ಲಿ ಮಾರ್ಗದರ್ಶಕರು ಕಣ್ಣಿಡಬೇಕಾದ ಜಾಗ ಇದು.

ಯಾವುದು ಮೂಲವಾಗುತ್ತದೆ, ಯಾವುದು ಆಗುವುದಿಲ್ಲ? ದೇವಸ್ಥಾನದ ಜಾಲತಾಣ ಆ ದೇವಸ್ಥಾನದ ಪೂಜಾ ಸಮಯಕ್ಕೆ ಮೂಲವಾದೀತು, ಅದು ಕಟ್ಟಿದ ಶತಮಾನಕ್ಕೆ ಆಗದು. ಬ್ರಹ್ಮಕಲಶದ ಆಮಂತ್ರಣ ಪತ್ರಿಕೆ, ವಾಟ್ಸಾಪ್ ಸಂದೇಶ, ಯೂಟ್ಯೂಬ್ ವ್ಲಾಗ್ ಯಾವುದಕ್ಕೂ ಆಗವು. ಹಾಗೆಂದು ಕರಾವಳಿಗೆ ಒಳ್ಳೆಯ ಮೂಲಗಳ ಬರವಿಲ್ಲ. 1973ರ ದಕ್ಷಿಣ ಕನ್ನಡ ಜಿಲ್ಲಾ ಗೆಜೆಟಿಯರ್ ಇದೆ. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ ಹೊರತಂದ ಆರು ಸಂಪುಟಗಳ ತುಳು ನಿಘಂಟು ಇದೆ. ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಬಾಸೆಲ್ ಮಿಷನ್ನಿನ ದಾಖಲೆಗಳಿವೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟದ್ದೇ ಈ ಊರಿನಿಂದ, ಮುದ್ರಣದ ಚರಿತ್ರೆ ಬರೆಯಲು ನಮಗೆ ದೂರ ಹೋಗುವ ಅಗತ್ಯವಿಲ್ಲ. ಹಳೆಯ ಮೂಲ ಬಳಸುವಾಗ ಒಂದು ಎಚ್ಚರ: ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಪುಸ್ತಕದಲ್ಲಿ ಕುಂದಾಪುರ, ಕಾರ್ಕಳಗಳೆಲ್ಲ ದಕ್ಷಿಣ ಕನ್ನಡದಲ್ಲೇ ಇರುತ್ತವೆ. ಅದನ್ನು ಹಾಗೇ ಇಳಿಸಿದರೆ ಇಂದಿನ ಲೇಖನ ತಪ್ಪಾಗುತ್ತದೆ. ಆಮೇಲೆ ಬ್ರಹ್ಮಾವರ, ಕಾಪು, ಬೈಂದೂರು, ಹೆಬ್ರಿ, ಮೂಡುಬಿದಿರೆ, ಕಡಬಗಳೂ ತಾಲೂಕುಗಳಾದವು. ಆದ್ದರಿಂದ ಗ್ರಾಮದ ಲೇಖನ ತಿದ್ದುವವರು ತಾಲೂಕಿನ ಹೆಸರನ್ನು ಮೊದಲು ಪರೀಕ್ಷಿಸಲಿ. 'ಇತ್ತೀಚೆಗೆ', 'ಈಗ', 'ಕಳೆದ ವರ್ಷ' ಎಂಬ ಪದಗಳ ಜಾಗದಲ್ಲಿ ಇಸವಿ ಹಾಕಲಿ.

ಅಜ್ಜಿ ಹೇಳಿದ ಪಾಡ್ದನ (ತುಳುವಿನ ಹಾಡುಗತೆ), ಗುತ್ತಿನ ಮನೆಯ ಹಿರಿಯರು ಹೇಳಿದ ದೈವದ ಕತೆ ಇವೆಲ್ಲ ಅಮೂಲ್ಯ, ಇದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲೂ ಪ್ರಕಟವಾಗದ್ದನ್ನು ವಿಕಿಪೀಡಿಯ ಸ್ವೀಕರಿಸುವುದಿಲ್ಲ, ಏಕೆಂದರೆ ಓದುಗರು ಅದನ್ನು ಪರೀಕ್ಷಿಸಿ ನೋಡಲಾರರು. ಇದನ್ನು ವಿದ್ಯಾರ್ಥಿಗೆ ಮೆಲ್ಲಗೆ ಹೇಳಬೇಕು, ಅವರ ಅಜ್ಜಿಯ ಮಾತನ್ನು ಸುಳ್ಳೆಂದ ಹಾಗೆ ಆಗಬಾರದು. ಅದೇ ಕತೆ ಪ್ರಕಟಿತ ಸಂಗ್ರಹದಲ್ಲಿ ಇದೆಯೇ ಎಂದು ಹುಡುಕಿಸಿ, ಇಲ್ಲದಿದ್ದರೆ ಅದನ್ನು ಧ್ವನಿಮುದ್ರಿಸಿ ವಿಭಾಗದ ಪತ್ರಿಕೆಯಲ್ಲೋ ಸಂಶೋಧನ ಲೇಖನವಾಗಿಯೋ ಮೊದಲು ಪ್ರಕಟಿಸಲು ನೀವೇ ನೆರವಾಗಿ.

ಈಗೀಗ ಚಾಟ್‌ಬಾಟ್‌ನಿಂದ ಬರೆಸಿ ಅಂಟಿಸುವುದು ಹೆಚ್ಚಾಗಿದೆ. ಅದರ ಭಾಷೆ ನುಣ್ಣಗಿರುತ್ತದೆ, ಅಪಾಯ ಇರುವುದು ಉಲ್ಲೇಖಗಳಲ್ಲಿ. ಇಲ್ಲದ ಪುಸ್ತಕ, ಇಲ್ಲದ ಪುಟಸಂಖ್ಯೆ, ತೆರೆದರೆ ಬೇರೆಲ್ಲಿಗೋ ಹೋಗುವ ಕೊಂಡಿಯನ್ನು ಅದು ಹುಟ್ಟಿಸಿ ಕೊಡುತ್ತದೆ. ಒಂದು ಸುಳ್ಳು ಉಲ್ಲೇಖ ಉಲ್ಲೇಖವೇ ಇಲ್ಲದ ವಾಕ್ಯಕ್ಕಿಂತ ಕೆಟ್ಟದ್ದು, ಏಕೆಂದರೆ ಮುಂದಿನವರು ಅದನ್ನು ನಂಬುತ್ತಾರೆ. ಪ್ರತಿ ವಿದ್ಯಾರ್ಥಿಯ ಕೆಲಸದಿಂದ ಎರಡು ಉಲ್ಲೇಖ ಆಯ್ದು, ಆ ಪುಟವನ್ನು ತೋರಿಸು ಎಂದು ಕೇಳಿ. ತೋರಿಸಿದರೆ ಅಂಕ.

ಕೃತಿಸ್ವಾಮ್ಯದ ಮಾತು ಬೇಗ ಮುಗಿಸುತ್ತೇವೆ, ಆದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ವಿಕಿಪೀಡಿಯದ ಪಠ್ಯ ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಷನ್–ಶೇರ್‌ಅಲೈಕ್ 4.0 ಪರವಾನಗಿಯಡಿ ಇದೆ, ಯಾರು ಬೇಕಾದರೂ ಹೆಸರು ನಮೂದಿಸಿ ಬಳಸಬಹುದು, ಮಾರಲೂಬಹುದು. ಹಾಗಾಗಿ ಪತ್ರಿಕೆಯ ವರದಿ, ಬ್ಲಾಗು, ಪಠ್ಯಪುಸ್ತಕದ ಸಾಲುಗಳನ್ನು ಎತ್ತಿ ಹಾಕುವಂತಿಲ್ಲ, ಅಲ್ಲೊಂದು ಇಲ್ಲೊಂದು ಪದ ಬದಲಿಸಿದರೂ ಅದು ನಕಲೇ. ಭಾರತದಲ್ಲಿ ಲೇಖಕರು ತೀರಿಕೊಂಡ ನಂತರ 60 ವರ್ಷ ಹಕ್ಕು ಉಳಿಯುತ್ತದೆ, ಲೆಕ್ಕ ಮುಂದಿನ ಜನವರಿಯಿಂದ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಅವರ ಬರಹ ಎಂದೋ ಮುಕ್ತವಾಗಿದೆ. ಗೋವಿಂದ ಪೈ ಅವರದು 1963, ಆದ್ದರಿಂದ 2024ರ ಜನವರಿಯಿಂದ ಮುಕ್ತ. ಕೋಟ ಶಿವರಾಮ ಕಾರಂತರದು 1997, ಅಂದರೆ 2057ರ ಕೊನೆಯವರೆಗೆ ಮುಟ್ಟುವಂತಿಲ್ಲ. ಮುಕ್ತವಾದ ಕವಿತೆಯನ್ನಾದರೂ ಇಡಿಯಾಗಿ ಹಾಕಬೇಕಾದ ಜಾಗ ವಿಕಿಸೋರ್ಸ್ ಎಂಬ ಮೂಲಕೃತಿಗಳ ತಾಣ, ವಿಕಿಪೀಡಿಯ ಅಲ್ಲ. ಚಿತ್ರಗಳಿಗೂ ಇದೇ ಎಚ್ಚರ. ವಿದ್ಯಾರ್ಥಿ ತಾನೇ ತೆಗೆದ ಫೋಟೊ ವಿಕಿಮೀಡಿಯ ಕಾಮನ್ಸ್ ಎಂಬ ಮುಕ್ತ ಚಿತ್ರಗಳ ಸಂಗ್ರಹಕ್ಕೆ ಹಾಕಬಹುದು, ಗೂಗಲ್‌ನಲ್ಲಿ ಸಿಕ್ಕಿದ್ದು ಬೇಡ. ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿರುವ ಕಟ್ಟಡ, ಶಿಲ್ಪಗಳ ಫೋಟೊಗೆ ನಮ್ಮ ಕಾನೂನು ಅವಕಾಶ ಕೊಡುತ್ತದೆ, ಗೋಡೆಯ ಮೇಲಿನ ಹೊಸ ಬಣ್ಣದ ಚಿತ್ರಕ್ಕೆ ಆ ಅವಕಾಶ ಇಲ್ಲ. ಕೋಲ, ನೇಮದ ಫೋಟೊ ತೆಗೆಯುವ ಮುನ್ನ ದೈವಸ್ಥಾನದವರನ್ನು ಕೇಳಬೇಕು. ಕಾನೂನು ಏನೇ ಹೇಳಲಿ, ಬೇಡ ಎಂದ ಕಡೆ ಕ್ಯಾಮೆರಾ ಹೊರಗೆ ತೆಗೆಯಬಾರದು.

ಕಾಲೇಜಿನ ಬಗ್ಗೆ, ಪ್ರಾಂಶುಪಾಲರ ಬಗ್ಗೆ, ಆಡಳಿತ ಮಂಡಳಿಯವರ ಬಗ್ಗೆ ವಿದ್ಯಾರ್ಥಿಗಳಿಂದ ಲೇಖನ ಬರೆಸಬೇಡಿ. ಇದನ್ನು ನೇರವಾಗಿ ಹೇಳುವುದೇ ಒಳ್ಳೆಯದು. ತನಗೆ ಅಂಕ ಕೊಡುವವರ ಬಗ್ಗೆ ಯಾವ ವಿದ್ಯಾರ್ಥಿಯೂ ತಟಸ್ಥವಾಗಿ ಬರೆಯಲಾರ. 'ಪ್ರತಿಷ್ಠಿತ', 'ಹೆಸರಾಂತ', 'ಸರಳ ಸಜ್ಜನಿಕೆಯ' ಎಂಬ ವಿಶೇಷಣಗಳು ಸಾಲುಗಟ್ಟುತ್ತವೆ, ಮರುದಿನ ಲೇಖನ ಅಳಿಸುವ ಪಟ್ಟಿಗೆ ಸೇರುತ್ತದೆ. ಗೌರವಕ್ಕೆ 'ಅವರು' ಎಂಬ ಬಹುವಚನ ಇದೆ, ಕನ್ನಡದಲ್ಲಿ ಅದು ಸಹಜ, ಇರಲಿ. ಶೀರ್ಷಿಕೆಯಲ್ಲಿ 'ಶ್ರೀ', 'ಡಾ.' ಬೇಡ.

ಇಷ್ಟೆಲ್ಲ ಆಗಿ ನಾಲ್ಕನೇ ವಾರ ಮುಗಿದ ಮೇಲೆ ಉತ್ಸಾಹ ಉಳಿದವರು ಹೊಸ ಲೇಖನ ಬರೆಯಲಿ. ವಿಷಯದ ಬಗ್ಗೆ ಪರಸ್ಪರ ಸಂಬಂಧವಿಲ್ಲದ ಮೂರು ಒಳ್ಳೆಯ ಮೂಲ ಸಿಗುತ್ತವೆಯೇ ನೋಡಿ, ಸಿಗದಿದ್ದರೆ ವಿಷಯ ಬದಲಿಸಿ. ಮೊದಲು ಪ್ರಯೋಗಪುಟದಲ್ಲಿ ಬರೆದು, ಇನ್ನೊಬ್ಬರು ಓದಿ, ಆಮೇಲೆ ಸ್ಥಳಾಂತರಿಸುವುದು ಕ್ರಮ. ಶುರು ಮಾಡುವ ಮುನ್ನ ಹೆಸರಿನ ಎಲ್ಲ ರೂಪಗಳಲ್ಲೂ ಹುಡುಕಬೇಕು: ಮೂಡುಬಿದಿರೆ, ಮೂಡಬಿದಿರೆ, ಮೂಡಬಿದ್ರಿ, ಮೂಡಬಿದ್ರೆ. ಲೇಖನ ಪ್ರಕಟವಾದ ಮೇಲೆ ವರ್ಗ ಹಾಕಿ, ಇತರ ಭಾಷೆಗಳ ಅದೇ ಲೇಖನಕ್ಕೆ, ಭಾಷೆಗಳ ನಡುವೆ ಕೊಂಡಿ ಇಡುವ ವಿಕಿಡೇಟಾದ ಮೂಲಕ ಜೋಡಿಸಬೇಕು. ಜೋಡಿಸದಿದ್ದರೆ ಇಂಗ್ಲಿಷ್ ಲೇಖನದಲ್ಲಿ ಕನ್ನಡದ ಕೊಂಡಿ ಕಾಣುವುದಿಲ್ಲ, ಕನ್ನಡದಲ್ಲಿ ಇದು ಇಲ್ಲವೆಂದು ತಿಳಿದು ಮುಂದಿನ ವರ್ಷದ ತಂಡ ಅದನ್ನೇ ಮತ್ತೆ ಬರೆಯುತ್ತದೆ.

ಲೇಖನ ಅಳಿಸಿಹೋದರೆ? ಹೆದರಿ ಅದನ್ನೇ ಮತ್ತೆ ಅಂಟಿಸುವುದು ಹೊಸಬರ ಸಹಜ ಪ್ರತಿಕ್ರಿಯೆ. ಮೂರನೇ ಸಲಕ್ಕೆ ಖಾತೆಗೇ ತಡೆ ಬೀಳಬಹುದು. ಮೊದಲು ತನ್ನ ಚರ್ಚೆಪುಟ ತೆರೆದು ಅಲ್ಲಿ ನಿರ್ವಾಹಕರು (ಪುಟ ಅಳಿಸುವ, ಖಾತೆ ತಡೆಯುವ ಅಧಿಕಾರವುಳ್ಳ ಸಂಪಾದಕರು) ಏನು ಬರೆದಿದ್ದಾರೆ ಓದಲಿ, ಅಲ್ಲೇ ಉತ್ತರಿಸಲಿ, ಕೊನೆಗೆ ನಾಲ್ಕು ಅಲೆಗೆರೆ (~~~~) ಹಾಕಿ ಸಹಿ ಮಾಡಲಿ. ಹಾಗೆ ಕೇಳಿದವರಿಗೆ ಉತ್ತರ ಸಿಗುತ್ತದೆ. ನಿರ್ವಾಹಕರೂ ಸಂಬಳವಿಲ್ಲದ ಸ್ವಯಂಸೇವಕರೇ. ಅರವತ್ತು ಮಂದಿ ಒಂದೇ ಮಧ್ಯಾಹ್ನ ಅರವತ್ತು ಲೇಖನ ಸುರಿದರೆ ಅವುಗಳನ್ನು ಓದಿ ತಿದ್ದುವ ಕೈ ಅಷ್ಟು ಇಲ್ಲ. ಹತ್ತು ವಿದ್ಯಾರ್ಥಿಗೆ ಒಬ್ಬ ಮಾರ್ಗದರ್ಶಕ ಬೇಕು ಎಂದು ನಾವು ಒತ್ತಾಯಿಸುವುದು ಅದಕ್ಕೇ. ಹಿಂದಿನ ವರ್ಷ ಕಲಿತ ಸೀನಿಯರ್‌ಗಳೇ ಆ ಕೆಲಸಕ್ಕೆ ಅತ್ಯುತ್ತಮ.

ಒಂದೇ ಲೇಖನವನ್ನು ಇಡೀ ತಂಡಕ್ಕೆ ಕೊಡಬೇಡಿ, ಇಬ್ಬರು ಒಟ್ಟಿಗೆ ಪ್ರಕಟಿಸಿದಾಗ ಸಂಪಾದನಾ ಸಂಘರ್ಷ ಬಂದು ಒಬ್ಬರ ಕೆಲಸ ಹೋಗುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು, ಪ್ಯಾರಾಗೊಮ್ಮೆ ಪ್ರಕಟಿಸುವ ಅಭ್ಯಾಸ ಮಾಡಿಸಿ.

ಅಂಕದ ಲೆಕ್ಕಕ್ಕೆ ನಮ್ಮ ಸಲಹೆ ಇಷ್ಟು. 25 ಅಂಕ ಇದ್ದರೆ ಪರೀಕ್ಷಿಸಿ ಸರಿ ಎನಿಸಿದ ಉಲ್ಲೇಖಗಳಿಗೆ 10, ಭಾಷೆ ತಿದ್ದಿದ್ದಕ್ಕೆ 5, ಚರ್ಚೆಪುಟದಲ್ಲಿ ಸರಿಯಾಗಿ ಮಾತಾಡಿದ್ದಕ್ಕೆ 5, ಬೇರೆ ಬೇರೆ ದಿನಗಳಲ್ಲಿ ಕೆಲಸ ಮಾಡಿದ್ದಕ್ಕೆ 5. ಕೊನೆಯ ದಿನದ ಹಿಂದಿನ ರಾತ್ರಿ ಕೂತು ಮುಗಿಸಿದವರು ಆ ಕೊನೆಯ ಐದನ್ನು ಪಡೆಯಲಾರರು, ಇತಿಹಾಸ ಪುಟದಲ್ಲಿ ಪ್ರತಿ ಸಂಪಾದನೆಯ ದಿನಾಂಕ, ಗಂಟೆ, ನಿಮಿಷ ಇರುತ್ತದೆ. ಔಟ್‌ರೀಚ್ ಡ್ಯಾಶ್‌ಬೋರ್ಡ್ ಎಂಬ ಉಪಕರಣದಲ್ಲಿ ತಂಡವನ್ನು ನೋಂದಾಯಿಸಿದರೆ ಎಲ್ಲರ ಕೆಲಸವೂ ಒಂದೇ ಕಡೆ ಕಾಣುತ್ತದೆ. ಅದು ಸೇರಿಸಿದ ಪದಗಳ ಮೊತ್ತವನ್ನೂ ತೋರಿಸುತ್ತದೆ. ಅಂಕಪಟ್ಟಿ ತುಂಬುವಾಗ ಆ ಅಂಕಿಯನ್ನು ಬದಿಗಿಟ್ಟು ಇತಿಹಾಸ ಪುಟವನ್ನೇ ತೆರೆದು ನೋಡಿ.

ಮುಂದಿನ ಸೆಮಿಸ್ಟರಿನಲ್ಲಿ ಇದನ್ನು ಕೈಗೆತ್ತಿಕೊಳ್ಳುವುದಾದರೆ ಕನ್ನಡ ವಿಕಿಪೀಡಿಯದ 'ಅರಳಿ ಕಟ್ಟೆ' ಎಂಬ ಸಾಮಾನ್ಯ ಚರ್ಚೆಯ ಪುಟದಲ್ಲಿ ಎರಡು ವಾರ ಮೊದಲು ಬರೆಯಿರಿ: ಯಾವ ತರಗತಿ, ಎಷ್ಟು ಮಂದಿ, ಯಾವ ಲೇಖನಗಳು, ಯಾವ ದಿನಗಳು, ಜವಾಬ್ದಾರಿ ಹೊತ್ತ ಅಧ್ಯಾಪಕರ ಖಾತೆ ಯಾವುದು. ಅಧ್ಯಾಪಕರಿಗೂ ಒಂದು ಖಾತೆ ಇರಲಿ, ವಿದ್ಯಾರ್ಥಿಗಳಿಗಿಂತ ಮೊದಲು ನೀವೇ ಇಪ್ಪತ್ತು ತಿದ್ದುಪಡಿ ಮಾಡಿರಿ. ಮೊದಲ ಎರಡು ಶನಿವಾರ ಲ್ಯಾಬಿಗೆ ಬಂದು ವಿದ್ಯಾರ್ಥಿಗಳ ಪಕ್ಕ ಕೂರಲು ನಾವು ಸಿದ್ಧರಿದ್ದೇವೆ.

ಇತಿ,
ಮಂಗಳೂರು ಮತ್ತು ಉಡುಪಿಯ ಕೆಲವು ವಿಕಿಪೀಡಿಯ ಸಂಪಾದಕರು